ಸರೋವರದ ಮೆಟ್ಟಿಲಲ್ಲಿ ತಲೆ ಎಣಿಕೆ

ಮತ್ತೆ ಜಾರಿತು, ಬಲಗಾಲಿನದು, ವ್ಯಾನಿನ ಮೆಟ್ಟಿಲ ಮೇಲೆ ಬೋರಲು ಬಿದ್ದಿದೆ ನೀಲಿ ಪಟ್ಟಿಯ ಚಪ್ಪಲಿ, ಅಕ್ಕನಿಗೆ ಗೊತ್ತೇ ಆಗಿಲ್ಲ, ಆ ಕಾಲಿಗೆ ಏನೂ ಗೊತ್ತಾಗುವುದಿಲ್ಲ — ಬಗ್ಗಿ ತೊಡಿಸುತ್ತೇನೆ, ಹೆಬ್ಬೆರಳು ತಣ್ಣಗಿದೆ, ಹಿಮ್ಮಡಿಗೆ ಪಟ್ಟಿ ಇರೋದನ್ನ ತಗೊಳ್ಳೋಣ ಅಂದಿದ್ದೆ, ಅಮ್ಮ ಕೇಳಿದಳೇ, ಅವಳಿಗೆ ಇಂಥದ್ದೇ ಇಷ್ಟ ಕಣೋ ಎಂದಳು, ಇಷ್ಟವಂತೆ, ಅವಳು ಬಾಯಿಬಿಟ್ಟು ಇದು ಇಷ್ಟ ಎಂದು ಹೇಳಿ ಎಷ್ಟು ಕಾಲವಾಯಿತು. ಗಾಳಿಯಲ್ಲಿ ಪಾಚಿಯ ವಾಸನೆ, ದೋಣಿಗೆ ಬಳಿದ ಬಣ್ಣದ ವಾಸನೆ, ಪ್ರತಿ ಬೇಸಿಗೆ ಇದೇ ವಾಸನೆ, ಜಗತ್ತಿನಲ್ಲಿ ಬೇರೆ ಜಾಗವೇ ಇಲ್ಲ ಎನ್ನುವಂತೆ ಅಪ್ಪ ಈ ಸರೋವರಕ್ಕೇ ಕರೆತರುತ್ತಿದ್ದ, ನೋಡಲಿಕ್ಕೆ ಏನಿದೆ ಇಲ್ಲಿ, ನೀರು, ಕಲ್ಲಿನ ಮೆಟ್ಟಿಲು, ಕಾಲಲ್ಲಿ ತುಳಿಯುವ ದೋಣಿ, ಸಕ್ಕರೆ ಸುರಿದ ಚಹಾ, ಆದರೂ ನಾವು ನಾಲ್ವರು ಕಿತ್ತಾಡದೆ ಒಂದಿಡೀ ದಿನ ಕಳೆಯುತ್ತಿದ್ದದ್ದು ಇಲ್ಲಿ ಮಾತ್ರ, ಕಣ್ಣು ಮುಚ್ಚಿದರೆ ನನಗೆ ಈಗಲೂ ಇದೇ ಕಾಣುತ್ತದೆ, ಕಂಡಾಗಲೆಲ್ಲ ಅಕ್ಕ ಮಾತಾಡುತ್ತಿರುತ್ತಾಳೆ, ದೋಣಿಯಲ್ಲಿ, ಮೆಟ್ಟಿಲಲ್ಲಿ, ಬಾಯ ತುಂಬ ಬಿಸ್ಕತ್ತು ಇಟ್ಟುಕೊಂಡು, ಲೇ ರೇಡಿಯೋ, ಸ್ವಲ್ಪ ಆರಿಸೇ, ಕಿವಿ ತೂತಾಯ್ತು ಎನ್ನುತ್ತಿದ್ದ ಅಪ್ಪ. ಆರಿಸಿದವರು ಯಾರೋ, ಹಾಲು ಕಾಯಿಸುತ್ತಾ ನಿಂತವಳು ಒಲೆಯ ಮುಂದೆಯೇ ಕುಸಿದಳು, ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು, ಬಲಗೈ ಬಲಗಾಲು ಮತ್ತು ಮಾತು, ಒಂದೇ ಏಟಿಗೆ ಮೂರೂ ಹೋದವು.

ಹಳೇ ರೂಢಿಯ ಮಾತು ಕೆಲವು ಸಲ ತಾನಾಗೇ ಬರುತ್ತೆ, ಎಣಿಕೆ, ಹಾಡು, ಅಂಥದ್ದು, ಇಷ್ಟದ ಜಾಗಕ್ಕೆ ಕರ್ಕೊಂಡು ಹೋಗಿ ನೋಡಿ ಎಂದರು ಮಾತು ಕಲಿಸುವ ಡಾಕ್ಟರು, ನೋಡಿ ಎಂದರಷ್ಟೇ, ಬರುತ್ತೆ ಎನ್ನಲಿಲ್ಲ, ಅಪ್ಪ ಅಷ್ಟನ್ನೇ ಗಟ್ಟಿಯಾಗಿ ಹಿಡಿದುಕೊಂಡುಬಿಟ್ಟ, ಎಣಿಕೆ ತಾನೇ, ನಮ್ಮನೇಲಿ ಅದಕ್ಕೇನು ಬರ. ಅಪ್ಪನ ನಿಯಮ ಅದು, ಬಸ್ಸು ಹತ್ತುವ ಮುಂಚೆ, ಇಳಿದ ಮೇಲೆ, ಕೈ ಎತ್ತಿ ಎಣಿಕೆ ಎನ್ನುತ್ತಾನೆ, ಅಮ್ಮ ಒಂದು, ಅಕ್ಕ ಎರಡು, ನಾನು ಮೂರು, ಅಪ್ಪ ನಾಲ್ಕು ಎಂದು ಮುಗಿಸಿದರೇನೇ ಮುಂದಿನ ಹೆಜ್ಜೆ, ಎಲ್ಲರೂ ತಿರುಗಿ ನೋಡಿ ನಗುತ್ತಿದ್ದರು, ನನಗೆ ನಾಚಿಕೆಯಿಂದ ಮೈಯೆಲ್ಲ ಹಿಡಿಯಾಗುತ್ತಿತ್ತು. ಈಗ ನಗುವವರಿಲ್ಲ, ವ್ಯಾನಿನ ಡ್ರೈವರು ಕೂಡ ಬೀಡಿ ಎಸೆದು ದೂರ ನಿಂತಿದ್ದಾನೆ. ಲಿಫ್ಟ್ ರಿಪೇರಿ ನನ್ನ ಕಸುಬು, ಎರಡು ಮಹಡಿಗಳ ನಡುವೆ ನಿಂತರೆ ಬಾಗಿಲಿಗೆ ಬಾಯಿಟ್ಟು, ಹೆದರಬೇಡಿ, ಒಳಗೆ ಎಷ್ಟು ಜನ ಇದೀರಿ ಎಂದು ಕೇಳುತ್ತೇನೆ, ಯಾರಾದರೊಬ್ಬರು ಉತ್ತರ ಕೊಡುತ್ತಾರೆ, ಕೀಲಿ ಹಾಕಿ ಎಳೆದರೆ ಆಯಿತು, ಇವಳು ಒಳಗಿದ್ದಾಳೆ, ಕಣ್ಣಲ್ಲಿ ಕಾಣುತ್ತಾಳೆ, ಬಾಗಿಲೇ ಸಿಗುತ್ತಿಲ್ಲ, ಮನೆಯಲ್ಲಿ ಇಡೀ ದಿನ ಅವಳ ಮುಂದೆ ಕುಳಿತು ನನ್ನ ಕೈಗಳನ್ನೇ ನೋಡಿಕೊಳ್ಳುತ್ತೇನೆ.

ಇದೇ ಮೆಟ್ಟಿಲು, ನಾನಾಗ ಚಿಕ್ಕವನು. ಅಂಬಿಗ ಡಬ್ಬದಲ್ಲಿ ದೋಣಿಯ ನೀರು ಎತ್ತಿ ಚೆಲ್ಲುತ್ತಿದ್ದ, ನಾನು ಬಾಯಿ ತೆರೆದು ನೋಡುತ್ತಾ ನಿಂತೆ, ಅಲ್ಲಿ ಬಸ್ಸಿನ ಹತ್ತಿರ ಅಪ್ಪ ಬೆನ್ನು ತಿರುಗಿಸಿ ಚೀಲ ಕಟ್ಟುತ್ತಾ ಎಣಿಕೆ ಎಂದನಂತೆ, ಅಕ್ಕನಿಗೆ ಕಿಟಕಿ ಸೀಟಿನ ಅವಸರ, ಎರಡು ಎಂದಳಂತೆ, ಆಮೇಲೆ ದನಿ ದಪ್ಪ ಮಾಡಿಕೊಂಡು ಮೂರು ಅಂತಲೂ ಅವಳೇ ಅಂದಳಂತೆ, ಲೆಕ್ಕ ಸರಿಹೋಯಿತು, ಬಸ್ಸು ಹೊರಟಿತು, ನಾನು ತಿರುಗಿದರೆ ರಸ್ತೆಯಲ್ಲಿ ಧೂಳು ಮಾತ್ರ — ಅಳು ಕೂಡ ಬರಲಿಲ್ಲ, ಧೂಳಿನೊಳಗಿಂದ ಅವಳೇ ಬಂದಳು, ಬಸ್ಸು ನಿಲ್ಲಿಸಿ ಇಳಿದು, ಜೀವ ಕೈಯಲ್ಲಿ ಹಿಡಿದು ಓಡುತ್ತಾ, ಬಲಗಾಲು ಬರಿಗಾಲು, ಚಪ್ಪಲಿ ಹಿಂದೆ ಎಲ್ಲೋ ಬೋರಲು ಬಿದ್ದಿದೆ, ನನ್ನ ಕಾಲರು ಹಿಡಿದು, ಏದುಸಿರು, ನಿನ್ನ ನಂಬರು ನಾನೇ ಹೇಳ್ಬಿಟ್ಟೆ ಕಣೋ, ನೀನು ಬಂದೇ ಇರ್ಲಿಲ್ಲ. ಅಂದಿನಿಂದ ಅವಳು ನನ್ನ ಕಾಲರು ಹಿಡಿಯದೆ ಎರಡು ಎಂದವಳಲ್ಲ, ನನಗೆ ಮೀಸೆ ಬಂದಮೇಲೂ, ಮದುವೆ ಮನೆಗಳಲ್ಲೂ, ಬಿಡೇ ಮಾರಾಯ್ತಿ, ಇಸ್ತ್ರಿ ಹಾಳಾಗುತ್ತೆ ಎನ್ನುತ್ತಿದ್ದೆ ನಾನು.

ಅಪ್ಪ ಕೈ ಎತ್ತಿದ, ಎಣಿಕೆ. ಒಂದು, ಅಮ್ಮನ ದನಿ ಬಾವಿಯಿಂದ ಬಂದ ಹಾಗಿದೆ. ನೀರು ಮೆಟ್ಟಿಲಿಗೆ ತಾಗುತ್ತದೆ, ಹಿಂದೆ ಸರಿಯುತ್ತದೆ, ಈಗ ಅಕ್ಕನ ಸರದಿ, ನಾನೇ ಹೇಳಿಬಿಡಲೇ, ಅವಳು ನನ್ನದನ್ನು ಹೇಳಲಿಲ್ಲವೇ, ದನಿ ಸಣ್ಣ ಮಾಡಿ ಎರಡು ಎಂದುಬಿಟ್ಟರೆ ಲೆಕ್ಕ ಸರಿಹೋಗುತ್ತದೆ, ಅಪ್ಪನ ಕೈ ಇಳಿಯುತ್ತದೆ, ಚಹಾ ಕುಡಿದು ಮನೆಗೆ ಹೋಗಬಹುದು — ಬೇಡ, ಲೆಕ್ಕ ಸರಿಹೋದರೆ ಬಸ್ಸು ಹೊರಟುಬಿಡುತ್ತದೆ. ಅಕ್ಕನ ಎಡಗೈ ಮೇಲೆ ಬಂತು, ತಡವರಿಸಿತು, ನನ್ನ ಕಾಲರು ಹಿಡಿಯಿತು, ಎಷ್ಟು ಬಿಗಿ, ತುಟಿ ಓರೆಯಾಗಿ ತೆರೆಯಿತು, ಮೂ, ಗಾಳಿ, ಮೂರು. ಅಮ್ಮ ಸೆರಗು ಬಾಯಿಗೊತ್ತಿಕೊಂಡು ಅಳುತ್ತಿದ್ದಾಳೆ, ಮಾತಾಡಿದ್ಳು, ಕೇಳಿಸ್ತಾ, ಮಾತಾಡಿದ್ಳು. ಅದಲ್ಲ ಕಂದಾ, ಅದು ಅವಂದು, ನಿಂದು ಹೇಳು, ನಿಂದು, ಎನ್ನುತ್ತಾನೆ ಅಪ್ಪ. ಮೂರು. ನಿಂದು ಹೇಳಮ್ಮಾ. ಮೂರು. ಸಂತೋಷಪಡಬೇಕು ನಾನು, ಆದರೆ ನನ್ನನ್ನು ಹತ್ತಿಸಿದ್ದಾಳೆ, ತನ್ನನ್ನು ಎಣಿಸಿಕೊಂಡೇ ಇಲ್ಲ, ಈ ಸಲ ಮೆಟ್ಟಿಲ ಮೇಲೆ ಉಳಿದವಳು ಅವಳು, ನಾನು ಇಳಿದು ಓಡಬೇಕು, ಯಾವ ಕಡೆಗೆ ಓಡಲಿ, ಮೂರು ಎನ್ನುತ್ತಾಳೆ, ಅಪ್ಪನ ಕೈ ಇನ್ನೂ ಮೇಲೆಯೇ ಇದೆ, ಕೆಳಗೆ ಅವಳ ಬರಿಗಾಲು, ಅದರ ಪಕ್ಕದಲ್ಲಿ ಬೋರಲು, ನೀಲಿ ಪಟ್ಟಿಯ ಒಂದು ಚಪ್ಪಲಿ —