ವೈದ್ಯಗಿತ್ತಿಯ ನಲವತ್ತೊಂದನೇ ಸಾವು

ಆ ಗುರುವಾರ ಬೆಳಿಗ್ಗೆ ಒಂಬತ್ತರಿಂದ ಹನ್ನೊಂದರೊಳಗೆ ಹಸಿಂತಾ ಇಪ್ಪತ್ತಾರು ಸಲ ಸತ್ತಳು. ಆರು ಸಲ ಬೆಂಕಿಯಲ್ಲಿ ಬೆಂದು, ನಾಲ್ಕು ಸಲ ನೀರಲ್ಲಿ ಮುಳುಗಿ, ಮಿಕ್ಕದ್ದೆಲ್ಲ ಕತ್ತಿ, ಕೊಡಲಿ, ಬಾಣ. ನಾಲ್ಕೈದು ಸಾವಿಗೊಮ್ಮೆ ಗಾಜಿನ ಕೋಣೆಯಿಂದ ಹೊರಬಂದು ಸಿಂಕಿನಲ್ಲಿ ಉಗಿಯುತ್ತಿದ್ದಳು. ಉಗುಳಿನಲ್ಲಿ ಕೆಂಪು ಎಳೆ ಇರುತ್ತಿತ್ತು. ಬಾಟಲಿಯಲ್ಲಿ ತಂದ ಕಾಗದದ ಹೂವಿನ ಕಷಾಯವನ್ನು ಗಂಟಲಿಗೆ ಎರಡು ಗುಟುಕು ಕುಡಿದು ಮತ್ತೆ ಒಳಗೆ ಹೋಗುತ್ತಿದ್ದಳು. ಒಂದು ತಿಂಗಳು ಬಾಯಿ ಬಿಡಬೇಡ ಅಂತ ಡಾಕ್ಟರು ಹೇಳಿದ್ದರು. ಆ ಒಂದು ತಿಂಗಳು ಏನು ತಿನ್ನಬೇಕು ಅಂತ ಹೇಳಿರಲಿಲ್ಲ.

ಇದೆಲ್ಲ ಒಂದು ವಿಡಿಯೋ ಗೇಮಿಗಾಗಿ. ರಾಜ, ರಾಕ್ಷಸ, ಮಾಟ-ಮಂತ್ರ ತುಂಬಿದ ಕಾಳಗದ ಆಟ, ಇನ್ನೂ ಮಾರುಕಟ್ಟೆಗೆ ಬಂದಿರಲಿಲ್ಲ. ಆಡುವವನು ಮೊದಲು ತನ್ನ ವರ್ಗ ಆರಿಸಿಕೊಳ್ಳಬೇಕು: ಯೋಧ, ಬಿಲ್ಲುಗಾರ್ತಿ, ಮಂತ್ರವಾದಿ, ಕಳ್ಳ, ವೈದ್ಯಗಿತ್ತಿ, ಹೀಗೆ ಎಂಟು. ಆಮೇಲೆ ರಕ್ತ ಎಷ್ಟು ಬೇಕು ಅಂತ ಹೇಳಬೇಕು: ಬೇಡ, ಸ್ವಲ್ಪ, ಪೂರ್ತಿ. ಕೈಕಾಲು ತುಂಡಾಗಿ ಬೀಳಬೇಕೋ ಬೇಡವೋ ಅನ್ನುವುದಕ್ಕೆ ಬೇರೆ ಗುಂಡಿ. ‘ಸ್ವಲ್ಪ’ಕ್ಕೆ ಒಮ್ಮೆ ನರಳಿ ಕುಸಿದರೆ ಸಾಕು. ‘ಪೂರ್ತಿ’ಗೆ ಬಾಯಲ್ಲಿ ನೀರಿಟ್ಟುಕೊಂಡು ಅರಚಬೇಕು, ಗಂಟಲಿಗೆ ರಕ್ತ ನುಗ್ಗಿದ ಹಾಗೆ ಕೇಳಬೇಕು.

ಈ ಎಂಟೂ ವರ್ಗದವರ ಮಾತುಗಳನ್ನು ಆಡಿದವರು ಗಡಿಯಾಚೆಯ ಹೆಸರಾಂತ ನಟರು. ಸಾಯುವುದನ್ನು ಮಾತ್ರ ಆಟದ ಕಂಪನಿಯವರು ನಮಗೆ ಕಳಿಸಿದರು. ಮಾತಿಗೆ ಅವರ ಭಾಷೆ ಬೇಕು, ಚೀರುವುದಕ್ಕೆ ಯಾವ ಭಾಷೆಯೂ ಬೇಡ. ಮೆಕ್ಸಿಕೊದ ಗಂಟಲು ಅವರಿಗೆ ಅಗ್ಗ.

ನಾನು ಎಲಿಸೆಯೊ, ಧ್ವನಿ ಮುದ್ರಿಸುವವನು. ರಾಜಧಾನಿಯ ಪೊರ್ತಾಲೆಸ್ ಬಡಾವಣೆಯಲ್ಲಿ ಪಂಕ್ಚರ್ ಅಂಗಡಿಯ ಮೇಲಿನ ಆ ಸ್ಟುಡಿಯೋದಲ್ಲಿ ಹತ್ತೊಂಬತ್ತು ವರ್ಷ ಗುಂಡಿ ಒತ್ತಿದ್ದೇನೆ. ಮೂಳೆ ಮುರಿಯುವ ಸದ್ದಿಗೆ ಸೆಲರಿ ದಂಟು ಮುರಿಯುವವನೂ ನಾನೇ, ಕರುಳು ಹೊರಬೀಳುವ ಸದ್ದಿಗೆ ಕಳಿತ ಪಪ್ಪಾಯಿ ಹಿಚುಕುವವನೂ ನಾನೇ. ಪಪ್ಪಾಯಿ ತಿನ್ನುವುದು ಬಿಟ್ಟು ಬಹಳ ಕಾಲವಾಯಿತು.

ಅಂದು ಹಸಿಂತಾ ಬರುವಾಗಲೇ ಮುಖ ಬಾಡಿತ್ತು. ಅವಳ ತಾಯಿ ಭಾನುವಾರದಿಂದ ಆಸ್ಪತ್ರೆಯ ಓಣಿಯಲ್ಲಿ ಸ್ಟ್ರೆಚರಿನ ಮೇಲೆ ಮಲಗಿದ್ದಳು, ವಾರ್ಡಿನಲ್ಲಿ ಜಾಗವಿರಲಿಲ್ಲ. ಜೊತೆಗೆ ತಂಗಿ ಇದ್ದಳು. ಹನ್ನೊಂದಕ್ಕೆ ಹಸಿಂತಾ ಯಜಮಾನನ ಮುಂದೆ ನಿಂತಳು. ಯಜಮಾನ ಅಂದರೆ ದೊನ್ ಸಾಲ್ವಿಯೊ, ಯಾವಾಗಲೂ ಸೆಂಟಿನ ವಾಸನೆ, ಯಾವಾಗಲೂ ನಗು.

“ದೊನ್ ಸಾಲ್ವಿಯೊ, ಮಿಕ್ಕಿದ್ದು ನಾಳೆ ಮಾಡ್ತೀನಿ. ನಮ್ಮಮ್ಮಂಗೆ ತುಂಬಾ ಕಷ್ಟ ಆಗಿದೆಯಂತೆ. ನನ್ನೇ ಕೇಳ್ತಿದ್ದಾಳಂತೆ.”

“ಆಯ್ತು ನನ್ನ ರಾಣಿ, ಹೋಗೂವಂತೆ. ವೈದ್ಯಗಿತ್ತಿಗೆ ನಲವತ್ತು ಸಾವು, ಆಗಿರೋದು ಇಪ್ಪತ್ತಾರು. ಹದಿನಾಲ್ಕು ಮುಗಿಸಿ ಓಡಿಹೋಗು. ಸಂಜೆಗೆ ಅವರಿಗೆ ಕಳಿಸ್ಬೇಕು.”

“ಅಷ್ಟರಲ್ಲಿ ಏನಾದ್ರೂ ಆದ್ರೆ?”

“ಏನೂ ಆಗಲ್ಲ. ಅಮ್ಮಂದಿರು ಗಟ್ಟಿ ಕಣೇ.”

ಅವಳು ನನ್ನ ಕಡೆ ನೋಡಿದಳು. ನಾನು ಯಂತ್ರದ ಕಡೆ ನೋಡಿದೆ. ಅದೇ ನನ್ನ ಹತ್ತೊಂಬತ್ತು ವರ್ಷದ ಚಾಳಿ.

ನಮ್ಮಲ್ಲಿ ಎರಡು ಕಟ್ಟಳೆ ಇದ್ದವು. ಗಾಜಿನ ಕೋಣೆಗೆ ಹೋಗುವವರು ಮೊಬೈಲನ್ನು ನನ್ನ ಮೇಜಿನ ಬುಟ್ಟಿಯಲ್ಲಿ ಹಾಕಬೇಕು, ಕರೆ ಬಂದರೆ ನಾನು ಕೇಳಿ ಹೇಳುತ್ತೇನೆ. ಎರಡನೆಯದು, ಒಳಗೆ ಜನ ಇರುವವರೆಗೂ ಮುದ್ರಣದ ಕೆಂಪು ದೀಪ ಆರಿಸಬಾರದು. ಎರಡು ಚೀರಾಟದ ನಡುವಿನ ಏದುಸಿರು, ಕೆಮ್ಮು, ಎಲ್ಲಕ್ಕೂ ಬೆಲೆ ಇದೆ ಅನ್ನುತ್ತಿದ್ದ ಯಜಮಾನ. ಹಾಗಾಗಿ ಮುದ್ರಣ ನಿಲ್ಲುತ್ತಲೇ ಇರಲಿಲ್ಲ.

ಹಸಿಂತಾ ಇಪ್ಪತ್ತೇಳನೇ ಸಾವಿಗೆ ಬಾಯಿಗೆ ನೀರು ಹಾಕಿಕೊಳ್ಳುವಾಗ ಬುಟ್ಟಿಯಲ್ಲಿ ಅವಳ ಮೊಬೈಲು ನಡುಗಿತು. ತಂಗಿಯ ಕರೆ.

“ಅಮ್ಮ ಹೋಗ್ಬಿಟ್ಲು ಅಂತ ಅಕ್ಕಂಗೆ ಹೇಳಿ,” ಅಂದಳು. ಅಷ್ಟೇ.

ನಾನು ಎದ್ದು ಬಾಗಿಲು ತೆಗೆದು ಒಳಗೆ ಹೋಗಬೇಕಿತ್ತು. ಅವಳ ಕಿವಿಯಿಂದ ಹೆಡ್‌ಫೋನು ತೆಗೆದು, ಕೂರಿಸಿ, ಕೈ ಹಿಡಿದು ಹೇಳಬೇಕಿತ್ತು. ಇದ್ದದ್ದು ಐದೇ ಹೆಜ್ಜೆ. ಒಳಗಿನವರ ಹೆಡ್‌ಫೋನಿಗೆ ಮಾತಾಡಲು ನಾನು ದಿನಾ ಒತ್ತುವ ಗುಂಡಿಯನ್ನೇ ಒತ್ತಿ, “ಹಸಿಂತಾ, ತಂಗಿ ಫೋನ್ ಮಾಡಿದ್ಲು. ಅಮ್ಮ ತೀರ್ಕೊಂಡ್ರಂತೆ,” ಅಂದುಬಿಟ್ಟೆ.

ಬಾಯಲ್ಲಿ ನೀರಿತ್ತು. ಅದು ಗಂಟಲಿಗೆ ಹೋಯಿತು. ಅದರ ಮಧ್ಯದಿಂದ “ಮಮಾ” ಅಂತ ಒಂದು ಕೂಗು ಎದ್ದು ಬಂತು. ಹತ್ತೊಂಬತ್ತು ವರ್ಷ ಸಾವಿನ ಸದ್ದು ಮುದ್ರಿಸಿದವನು ನಾನು. ಅಂದಿನವರೆಗೆ ಕೇಳಿದ್ದೆಲ್ಲ ಆಟ ಅಂತ ಆಗ ತಿಳಿಯಿತು. ಕೆಂಪು ದೀಪ ಉರಿಯುತ್ತಲೇ ಇತ್ತು.

ಮಣ್ಣು ಮಾಡಿದ ನಾಲ್ಕನೇ ದಿನ ಹಸಿಂತಾ ಬಂದು ಮಿಕ್ಕ ಹದಿನಾಲ್ಕು ಸಾವು ಮುಗಿಸಿದಳು. ಮುಗಿಸದಿದ್ದರೆ ಮೊದಲಿನ ಇಪ್ಪತ್ತಾರಕ್ಕೂ ಕೂಲಿ ಇಲ್ಲ ಅಂದಿದ್ದ ದೊನ್ ಸಾಲ್ವಿಯೊ. ನಾನು ಆ ಕೂಗನ್ನು ಅಳಿಸಿದ್ದೇನೆ ಅಂದುಕೊಂಡಿದ್ದೆ. ನನ್ನ ಯಂತ್ರದಿಂದ ಅಳಿಸಿದ್ದು ನಿಜ. ಆದರೆ ಅವನು ಆ ಗುರುವಾರ ಸಂಜೆಯೇ ಇಡೀ ಮುದ್ರಣ ತೆಗೆದುಕೊಂಡು ಹೋಗಿದ್ದ. ಹುಚ್ಚ ನಾನು, ಆಮೇಲೆ ಅಳಿಸಿದ್ದೆ.

ಮೂರು ತಿಂಗಳಿಗೆ ಆಟದ ಜಾಹೀರಾತು ಬಂತು. ಒಂದು ಮಧ್ಯಾಹ್ನ ಮಿನಿಬಸ್ಸಿನಲ್ಲಿ ಹಸಿಂತಾಳ ಮುಂದಿನ ಸೀಟಿನವನು ಮೊಬೈಲಿನಲ್ಲಿ ಅದನ್ನು ನೋಡುತ್ತಿದ್ದ. ಬಿಳಿ ಬಟ್ಟೆಯ ವೈದ್ಯಗಿತ್ತಿ. ಬೆನ್ನಿಗೆ ಈಟಿ. ರಕ್ತ: ಪೂರ್ತಿ. “ಮಮಾ!” ಅವನು ಹಿಂದಕ್ಕೆ ಎಳೆದು ಮತ್ತೆ ಹಾಕಿದ. ಪಕ್ಕದವನಿಗೆ ತೋರಿಸಿ ಮತ್ತೆ ಹಾಕಿದ. ಇಬ್ಬರೂ ನಕ್ಕರು. ಅವರನ್ನು ಬೈಯಲು ನನಗೆ ಮನಸ್ಸಿಲ್ಲ, ಅವರಿಗೇನು ಗೊತ್ತು. ಹಸಿಂತಾ ಬಸ್ಸಿಳಿದು, ಆರು ನಿಲ್ದಾಣ ನಡೆದು, ಸ್ಟುಡಿಯೋಗೆ ಬಂದಳು.

“ಅದನ್ನ ತೆಗೆಸಿ,” ಅಂದಳು.

“ಯಾವುದನ್ನ ರಾಣಿ?” ಅಂದ ದೊನ್ ಸಾಲ್ವಿಯೊ.

“ಅದು ಆಟಕ್ಕೆ ಅತ್ತದ್ದಲ್ಲ. ನಿಮಗೂ ಗೊತ್ತು. ಅದು ನಮ್ಮಮ್ಮಂದು.”

ಅವನು ಡ್ರಾಯರಿನಿಂದ ಕರಾರು ಪತ್ರ ತೆಗೆದು ಒಂದು ಸಾಲಿನ ಮೇಲೆ ಬೆರಳಿಟ್ಟ. ದೀಪ ಹತ್ತಿದಾಗಿನಿಂದ ಆರುವವರೆಗೆ ಕೋಣೆಯಲ್ಲಿ ಹುಟ್ಟುವ ಯಾವುದೇ ಸದ್ದು ಕಂಪನಿಯ ಸ್ವತ್ತು.

“ನೀನೇ ಸಹಿ ಹಾಕಿರೋದು. ನೋಡು, ಅವರಿಗೆ ಹುಚ್ಚು ಹಿಡಿಸಿದೆ ಅದು. ‘ಮಮಾ’ ಯಾವ ದೇಶದೋರಿಗೂ ಅರ್ಥ ಆಗತ್ತಂತೆ. ನಲವತ್ತೊಂದನೇ ಸಾವು ಅಂತ ಸೇರಿಸಿಕೊಂಡಿದ್ದಾರೆ. ಅದಕ್ಕೂ ಕೂಲಿ ಕೊಡಿಸ್ತೀನಿ. ಹೆಮ್ಮೆ ಪಡು.”

“ಕೂಲಿ ಬೇಡ. ಅದು ಬೇಕು.”

“ರಕ್ತ ಬೇಡ ಅನ್ನೋರಿಗೆ ಅದು ಕೇಳಿಸೋದೂ ಇಲ್ಲ ಕಣೇ. ಬೇಡ ಅಂತ ಒತ್ತಿದ್ರೆ ಆಯ್ತು.”

“ನಂಗೆಲ್ಲಿದೆ ಆ ಗುಂಡಿ?” ಅಂದಳು ಹಸಿಂತಾ.

ಅವನು ನಕ್ಕ. ಪಕ್ಕದ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ನಿಕಾನೋರ್ ಮಾತ್ರ ನಗಲಿಲ್ಲ. ಅರವತ್ತನಾಲ್ಕರ ಮುದುಕ, ಯೋಧ ವರ್ಗದ ಸಾವೆಲ್ಲ ಅವನದು. “ನಾಯಿ ಸತ್ರೂ ಒಂದು ಬಟ್ಟೆ ಹೊದಿಸ್ತಾರೆ,” ಅಂತ ಗೊಣಗಿದ. ಹಸಿಂತಾ ಅಂದಿನಿಂದ ಕೆಲಸಕ್ಕೆ ಬರಲಿಲ್ಲ.

ಮರುವಾರವೇ ದೊನ್ ಸಾಲ್ವಿಯೊ ಬೇಕರಿಯಿಂದ ಸಿಹಿ ಬನ್ನು ತರಿಸಿ ಎಲ್ಲರಿಗೂ ಹಂಚಿದ. ಕಂಪನಿಯವರು ಇನ್ನಷ್ಟು ಕೇಳಿದ್ದರಂತೆ, ಉಳಿದ ವರ್ಗಗಳಿಗೂ ಅಂಥದ್ದೇ ಬೇಕಂತೆ. ನನ್ನನ್ನು ಮೂಲೆಗೆ ಕರೆದ.

“ಇವರು ಬರೀ ನಟನೆ ಮಾಡಿದ್ರೆ ಅದು ಬರಲ್ಲ ಎಲಿಸೆಯೊ. ಅವತ್ತು ಹೇಗೆ ಬಂತು, ಯೋಚನೆ ಮಾಡು. ನೀನು ಹೇಳಿದ್ದಕ್ಕೆ ಬಂತು.”

“ಅದು ನನ್ನ ತಪ್ಪು ಸ್ವಾಮಿ.”

“ತಪ್ಪಲ್ಲವೋ, ಕಲೆ! ಈಗ ಬ್ರೀಸಾ ಒಳಗೆ ಹೋಗ್ತಾಳೆ. ಬಿಲ್ಲುಗಾರ್ತಿ. ಅವಳ ಮಗಳು ಸ್ಕೂಲಲ್ಲಿದಾಳೆ ಅಲ್ವಾ? ಸ್ಕೂಲಿಂದ ಫೋನು ಬಂತು, ಲಾರಿ ಹೊಡೀತು ಅನ್ನು. ಮುದ್ರಣ ಆದ ಮೇಲೆ ತಮಾಷೆ ಅಂತ ಹೇಳಿ ಅರ್ಧ ದಿನ ರಜಾ ಕೊಡೋಣ. ಮೊಬೈಲು ಹೇಗೂ ನಿನ್ನ ಬುಟ್ಟೀಲಿರತ್ತೆ.”

“ಆಗಲ್ಲ.”

“ಹಾಗಾದ್ರೆ ಆ ಕುರ್ಚಿ ಬೇರೆಯೋರಿಗೆ.”

ನನಗೂ ಹೊಟ್ಟೆ ಇದೆ. ಬಾಡಿಗೆ ಇದೆ. ಐವತ್ತೆರಡು ವರ್ಷದವನಿಗೆ ಯಾರೂ ಹೊಸ ಕುರ್ಚಿ ಕೊಡುವುದಿಲ್ಲ. ಸುಳ್ಳು ಯಾಕೆ ಹೇಳಲಿ, ಹೋಗಿ ಕೂತೆ. ಬ್ರೀಸಾ ಮೊಬೈಲನ್ನು ಬುಟ್ಟಿಗೆ ಹಾಕಿ, “ಮಗಳು ಫೋನ್ ಮಾಡಿಸಿದ್ರೆ, ಮಧ್ಯಾಹ್ನ ಊಟಕ್ಕೆ ಕಿಸಾದಿಯಾ ತರ್ತೀನಿ ಅಂತ ಹೇಳಣ್ಣ,” ಅಂದು ಒಳಗೆ ಹೋದಳು. ಹೆಡ್‌ಫೋನು ಹಾಕಿಕೊಂಡು ಗಾಜಿನಾಚೆಯಿಂದ ನನಗೆ ಹೆಬ್ಬೆರಳು ಎತ್ತಿ ತೋರಿಸಿದಳು. ಅವಳಿಗೆ ನನ್ನ ಮೇಲೆ ಅಷ್ಟು ನಂಬಿಕೆ. ನನ್ನ ಹಿಂದೆ ದೊನ್ ಸಾಲ್ವಿಯೊ ಸೆಂಟು ಸೂಸುತ್ತ ನಿಂತಿದ್ದ. ಕೆಂಪು ದೀಪ ಹತ್ತಿತು.

ನಾನು ಗುಂಡಿ ಒತ್ತಿದೆ.

“ಬ್ರೀಸಾ, ಗಮನ ಇಟ್ಟು ಕೇಳು. ನಿನ್ನ ಮಗಳು ಸ್ಕೂಲಲ್ಲಿ ಚೆನ್ನಾಗಿದ್ದಾಳೆ. ಅವಳಿಗೆ ಲಾರಿ ಹೊಡೀತು ಅಂತ ನಿಂಗೆ ಸುಳ್ಳು ಹೇಳು, ಅಳಿಸು ಅಂತ ಇಲ್ಲಿ ನನ್ನ ಹಿಂದೆ ನಿಂತಿರೋ ಯಜಮಾನ ಹೇಳಿದಾನೆ. ಹೊರಗೆ ಬಾ.”

ಹೊರಕೋಣೆಯ ಬಾಗಿಲು ತೆರೆದೇ ಇತ್ತು. ಬೆಂಚಿನ ಮೇಲೆ ನಿಕಾನೋರ್ ಇದ್ದ, ಮತ್ತೂ ಇಬ್ಬರಿದ್ದರು. ಎಲ್ಲರಿಗೂ ಕೇಳಿಸಿತು. ಬ್ರೀಸಾ ಹೊರಬಂದವಳು ನನ್ನ ಮುಖವನ್ನೂ ನೋಡದೆ ಬುಟ್ಟಿಯಿಂದ ಮೊಬೈಲು ಕಿತ್ತುಕೊಂಡು ಸ್ಕೂಲಿಗೆ ಹಚ್ಚಿದಳು. ಎರಡು ಸಲ ತಪ್ಪು ನಂಬರು ಹೋಯಿತು. ಮೂರನೆಯದಕ್ಕೆ ಮಗಳ ದನಿ ಕೇಳಿ ನೆಲದ ಮೇಲೆ ಕೂತುಬಿಟ್ಟಳು.

“ತಮಾಷೆ ಮಾಡಿದ್ದು ಕಣ್ರೋ!” ಅಂದ ದೊನ್ ಸಾಲ್ವಿಯೊ.

ನಿಕಾನೋರ್ ಎದ್ದ. “ನಿಮ್ಮಮ್ಮ ಸತ್ಲು ಅಂತ ಯಾರಾದ್ರೂ ನಿಂಗೆ ತಮಾಷೆ ಮಾಡಿದಾರೇನೋ, ಬೋಳಿಮಗನೆ?” ನಲವತ್ತು ವರ್ಷ ಇದೇ ಕಸುಬಿನಲ್ಲಿ ಅರಚಿದ ಗಂಟಲು ಅದು, ಕಿಟಕಿಯ ಗಾಜು ಅದುರಿತು.

“ಹೋಗಿ, ಎಲ್ಲರೂ ಹೋಗಿ! ಈ ಊರಲ್ಲಿ ಅರಚೋರಿಗೆ ಬರವಾ? ನಾಳೆ ಸಾಲುಗಟ್ಟಿ ಬರ್ತಾರೆ.”

ಅವನು ಹೇಳಿದ್ದು ನಿಜ. ಸಾಲುಗಟ್ಟಿ ಬಂದರು. ಕೆಲಸ ಬಿಟ್ಟ ನಾವು ಹಸಿಂತಾಳನ್ನೂ ಕರೆದುಕೊಂಡು ಕಾರ್ಮಿಕ ಕಚೇರಿಗೆ ಹೋದೆವು. ಅಲ್ಲಿನ ಗುಮಾಸ್ತ ಅರ್ಜಿ ಓದಿ, “ಏನು ಕಳುವಾಗಿದೆ?” ಅಂದ. “ಒಂದು ಅಳು,” ಅಂದಳು ಹಸಿಂತಾ. ಅಂಥದ್ದಕ್ಕೆ ತನ್ನ ಫಾರಮಿನಲ್ಲಿ ಜಾಗ ಇಲ್ಲ ಅಂದ ಅವನು. ಆಟ ಹೇಳಿದ ದಿನಕ್ಕೇ ಮಾರುಕಟ್ಟೆಗೆ ಬರುತ್ತದಂತೆ. ಆ ಕೂಗನ್ನು ಯಾರೂ ತೆಗೆದಿಲ್ಲ, ತೆಗೆಯುವುದೂ ಇಲ್ಲ.

ಅದಕ್ಕೇ ನಾವು ಪಂಕ್ಚರ್ ಅಂಗಡಿಯ ಪಕ್ಕ, ಸ್ಟುಡಿಯೋದ ಮೆಟ್ಟಿಲ ಬುಡದಲ್ಲಿ ನಿಲ್ಲತೊಡಗಿದೆವು. ಹಸಿಂತಾ, ಬ್ರೀಸಾ, ನಿಕಾನೋರ್, ನಾನು. ಹಸಿಂತಾಳ ದನಿ ಈಗ ಪೂರಾ ಒಡೆದಿದೆ, ಪಿಸುಗುಟ್ಟಿದ ಹಾಗೆ ಮಾತಾಡುತ್ತಾಳೆ. ಆದರೂ ಬರುವವರನ್ನು ಅವಳೇ ತಡೆದು ನಿಲ್ಲಿಸುತ್ತಾಳೆ.

ಈ ಸೋಮವಾರ ಎಕಾತೆಪೆಕ್ ಕಡೆಯಿಂದ ಒಬ್ಬ ಹುಡುಗಿ ಬಂದಳು. ಇಪ್ಪತ್ತು ದಾಟಿರಲಿಕ್ಕಿಲ್ಲ. ಹಸಿಂತಾಳ ಬದಲಿಗೆ ಹೊಸ ವೈದ್ಯಗಿತ್ತಿ.

“ಅಮ್ಮ ಇದಾಳೇನಮ್ಮಾ ನಿಂಗೆ?” ಅಂದಳು ಹಸಿಂತಾ.

“ಇದಾಳೆ. ಯಾಕೆ?”

“ಒಳಗೆ ಹೋಗೋಕೆ ಮುಂಚೆ ಒಂದು ಫೋನ್ ಮಾಡು.”

“ನಂಗೆ ಕೆಲ್ಸ ಬೇಕು ಅತ್ತೆ. ನನ್ನ ತಡೀಬೇಡಿ.”

“ತಡೆಯಲ್ಲ. ನಮ್ಗೂ ಬೇಕಿತ್ತು ಕೆಲ್ಸ. ಫೋನ್ ಮಾಡಿ ಹೋಗು, ಅಷ್ಟೇ.”

ಹುಡುಗಿಗೆ ನಾವು ಹುಚ್ಚರಂತೆ ಕಂಡಿರಬೇಕು. ಆದರೂ ಮಾಡಿದಳು. ಅಮ್ಮ ಸಂತೆಯಲ್ಲಿದ್ದಳು, ಟೊಮೇಟೊ ಆರಿಸುತ್ತ ಯಾರ ಜೊತೆಗೋ ಜಗಳ ಆಡುತ್ತಿದ್ದಳು. ಮಗಳಿಗೂ ಎರಡು ಮಾತು ಬೈದು ಫೋನಿಟ್ಟಳು. ಹುಡುಗಿ ನಕ್ಕಳು.

“ಕೇಳಿದ್ಯಲ್ಲ,” ಅಂದಳು ಹಸಿಂತಾ. “ಚೆನ್ನಾಗಿದಾಳೆ. ಇನ್ನು ಒಳಗೆ ಯಾರು ಏನು ಹೇಳಿದ್ರೂ ನಂಬ್ಬೇಡ.”

ಹುಡುಗಿ ಮೆಟ್ಟಿಲು ಹತ್ತಿದಳು. ಆ ಗಾಜಿನ ಕೋಣೆಯಿಂದ ಬೀದಿಗೆ ಒಂದು ಉಸಿರೂ ಕೇಳಿಸುವುದಿಲ್ಲ, ಹಾಗೆ ಕಟ್ಟಿಸಿದ್ದಾರೆ. ಪಂಕ್ಚರ್ ಅಂಗಡಿಯವನು ಎರಡು ಟೈರು ಬಿಚ್ಚಿ ಹಾಕಿದ.

ಇಪ್ಪತ್ತು ನಿಮಿಷ ಆಗಿರಬೇಕು. ಹುಡುಗಿ ಇಳಿದು ಬಂದಳು. ಹೆಡ್‌ಫೋನು ಇನ್ನೂ ಕುತ್ತಿಗೆಯಲ್ಲೇ ಇತ್ತು, ಅದರ ವೈರು ಕಿತ್ತು ಜೋತಾಡುತ್ತಿತ್ತು. ಮುಖ ಬಿಳಿಚಿತ್ತು.

“ಏನಂದ್ರು?” ಅಂದಳು ಬ್ರೀಸಾ.

“ಅಮ್ಮ ಎಲ್ಲಿದಾಳೆ ಅಂತ ಮೊದ್ಲು ಕೇಳ್ಕೊಂಡು, ಆಮೇಲೆ ಸಂತೇಲಿ ನಮ್ಮಮ್ಮಂಗೆ ಲಾರಿ ಹೊಡೀತು ಅಂದ್ರು. ನಾನು ನಂಬ್ಲಿಲ್ಲ.”

ಹಸಿಂತಾ ಪಕ್ಕಕ್ಕೆ ಸರಿದು ಜಾಗ ಮಾಡಿದಳು. ಹುಡುಗಿ ಬಂದು ಗೋಡೆಗೆ ಬೆನ್ನು ಕೊಟ್ಟು ನಮ್ಮ ಸಾಲಿನಲ್ಲಿ ನಿಂತಳು. ಅಷ್ಟರಲ್ಲಿ ಬೀದಿಯ ಆ ತುದಿಯಿಂದ ಇನ್ನೊಬ್ಬಳು ವಿಳಾಸದ ಚೀಟಿ ಹಿಡಿದು, ಮನೆ ನಂಬರು ಹುಡುಕುತ್ತ ಬರುತ್ತಿದ್ದಳು. ಈ ಸಲ ಹಸಿಂತಾ ಬಾಯಿ ತೆರೆಯುವ ಮೊದಲೇ ಎಕಾತೆಪೆಕ್ಕಿನ ಹುಡುಗಿ ಮುಂದೆ ಹೋಗಿ ಕೇಳಿದಳು:

“ಅಕ್ಕಾ, ನಿಮಗೆ ಅಮ್ಮ ಇದಾರಾ?”