ನಮ್ಮ ಸ್ಟೇಟಿನ ಅವಾರ್ಡು

ನನ್ನ ತಮ್ಮ ಪಳನಿ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಸಿಟ್ಟಿನಲ್ಲಿ ಏನೇನು ಬಾಯಿಗೆ ಬರುತ್ತದೋ ಗೊತ್ತಿಲ್ಲ. ಕಂಬೈನಲ್ಲೂರಿನಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಾನೆ, ಕುಡಿಯುವುದಿಲ್ಲ, ಮನೆಯಲ್ಲಿ ಕಲರ್ ಟಿವಿ ಇಟ್ಟಿದ್ದಾನೆ. ಆದರೆ ಅವನಿಗೆ ಮೂವತ್ತೈದು ದಾಟಿತ್ತು, ರೋಜಾಳಿಗೆ ಆಗತಾನೇ ಹದಿನೆಂಟು. ಅಕ್ಕನ ಮಗಳ ಮೇಲೆ ಸೋದರಮಾವನಿಗೇ ಮೊದಲ ಹಕ್ಕು. ನಮ್ಮಲ್ಲಿ ಇದನ್ನು ಹುಡುಗಿಯ ಹತ್ತಿರ ಯಾರೂ ಕೇಳುವುದಿಲ್ಲ. ಕೇಳಿದರೆ ತಾನೆ ಅವಳು ಬೇಡ ಅನ್ನುವುದು!

ರೋಜಾ ನನ್ನ ತಂಗಿಯ ಮಗಳು. ತಂಗಿ ತೀರಿಹೋದ ಮೇಲೆ ಪಾಪಿರೆಡ್ಡಿಪಟ್ಟಿಯಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಪಕ್ಕದಲ್ಲೇ ಬೆಳೆದಳು. ನಾವಿರುವುದು ತಮಿಳುನಾಡು, ಶಾಲೆಯಲ್ಲಿ ಓದಿದ್ದೆಲ್ಲ ತಮಿಳು. ಮನೆಯಲ್ಲಿ ಮಾತ್ರ ಬೆಂಗಳೂರು ಆಕಾಶವಾಣಿ, ಅದು ನನ್ನ ಹಟ. ಹಾಡು ಮುಗಿದ ಮೇಲೆ ಯಾರಿಗೆ ಯಾವ ಪ್ರಶಸ್ತಿ ಬಂತೆಂದು ಹೇಳಿದ್ದು ಅವಳ ತಲೆಯಲ್ಲಿ ಹಾಗೇ ಉಳಿಯುತ್ತಿತ್ತು. ಫಾಲ್ಕೆ ಪ್ರಶಸ್ತಿ ಮೊಟ್ಟಮೊದಲು ಯಾರಿಗೆ? ದೇವಿಕಾ ರಾಣಿಗೆ. ನಮ್ಮ ದೇಶಕ್ಕೆ ಮೊದಲ ಆಸ್ಕರ್? ಭಾನು ಅಥಯ್ಯಾಗೆ, ಬಟ್ಟೆಯ ವಿನ್ಯಾಸಕ್ಕೆ. ಅದನ್ನು ಕೇಳಿದ ದಿನ ನಾನು ಮೆಷಿನ್ ನಿಲ್ಲಿಸಿ, "ನೋಡೇ, ಬಟ್ಟೆ ಕೆಲ್ಸದೋರ್ಗೂ ಕೊಡ್ತಾರಂತೆ!" ಎಂದು ಕುಣಿದಾಡಿದ್ದೆ.

ಆ ವರ್ಷ ಸೇಲಂನಲ್ಲಿ ಹೊಸದಾಗಿ ನರ್ಸಿಂಗ್ ಶಾಲೆ ತೆರೆದವರು ಪ್ರಚಾರಕ್ಕೆಂದು ಓಮಲೂರಿನ ಟಾಕೀಸಿನಲ್ಲಿ ಒಂದು ಕ್ವಿಜ್ ಇಟ್ಟರು. ಕೇಳುವುದೆಲ್ಲ ಸಿನಿಮಾ ಪ್ರಶಸ್ತಿಗಳ ವಿಷಯ. ಗೆದ್ದ ಹುಡುಗಿಗೆ ಸೀಟು, ಹಾಸ್ಟೆಲ್ ಎರಡೂ ಫ್ರೀ. ರೋಜಾ ಅಪ್ಪನ ಕಾಲು ಹಿಡಿದಳು. ಅವಳಪ್ಪ ತಿಮ್ಮಪ್ಪ ನಕ್ಕ.

"ಗೆದ್ರೆ ಓಗಿ ಓದ್ಕೊ. ಸೋತ್ರೆ ತೈ ತಿಂಗ್ಳಲ್ಲಿ ಪಳನಿ ಕೈಲಿ ತಾಳಿ ಕಟ್ಟಿಸ್ಕೊಬೇಕು. ಆಮ್ಯಾಕೆ ಒಂದ್ ಮಾತೂ ಆಡಂಗಿಲ್ಲ."

ಮಗಳ ಬಾಳನ್ನು ಇಸ್ಪೀಟಿನ ಎಲೆ ಇಟ್ಟ ಹಾಗೆ ಇಟ್ಟ, ಮಹಾರಾಯ.

ನಮ್ಮಿಬ್ಬರ ಜೊತೆಗೆ ಗಂಡಸು ಇರಲಿ ಎಂದು ಪಳನಿಯನ್ನೇ ಕಳಿಸಿದ. ಅವನಿಗೆ ಈ ಪಣದ ವಿಷಯ ಯಾರೂ ಹೇಳಿರಲಿಲ್ಲ. ಬಸ್ಸಿನಲ್ಲಿ ಅವನು ಮುಂದೆ ಕೂತು ಕಡಲೆಕಾಯಿ ಸುಲಿದು ಸುಲಿದು ನಮ್ಮ ಕೈಗೆ ಹಾಕುತ್ತಿದ್ದ. ರೋಜಾ ನನ್ನ ಕಿವಿಯ ಹತ್ತಿರ ಬಾಗಿದಳು.

"ದೊಡ್ಡಮ್ಮ, ನನ್ನ ತನ್ ಎಗಲ ಮೇಲೆ ಕೂರಿಸ್ಕೊಂಡು ಸಂತೆಗೆ ಓಗಿದ್ದ ಮಾಮ ಅವ್ನು. ಈಗ ಅವ್ನ ಪಕ್ಕ ಮಲಿಕ್ಕೊ ಅಂದ್ರೆ ಎಂಗೆ? ನಾನು ಸತ್ತೋಯ್ತೀನಿ."

ಅವಳ ಕೈ ಹಿಡಿದು, "ಗೆಲ್ತೀಯ ಸುಮ್ನಿರು" ಎಂದೆ.

ಗೆಲ್ಲುತ್ತಲೂ ಇದ್ದಳು. ಒಬ್ಬೊಬ್ಬರೇ ಸ್ಟೇಜ್ ಇಳಿದು ಹೋದರು. ಅವಳ ಪ್ರತಿ ಉತ್ತರಕ್ಕೂ ಟಾಕೀಸಿನಲ್ಲಿ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಪಳನಿ. "ನಮ್ಮುಡುಗಿ, ನಮ್ಮುಡುಗಿ" ಎಂದು ಪಕ್ಕದವರಿಗೆಲ್ಲ ಹೇಳುತ್ತಿದ್ದ. ಅವಳು ಯಾರಿಂದ ತಪ್ಪಿಸಿಕೊಳ್ಳಲು ಗೆಲ್ಲುತ್ತಿದ್ದಾಳೆ ಎಂದು ಆ ಪೆದ್ದನಿಗೆ ಏನು ಗೊತ್ತು! ಕೊನೆಗೆ ಉಳಿದದ್ದು ರೋಜಾ ಮತ್ತು ಸೇಲಂನ ಒಬ್ಬ ಕನ್ನಡಕದ ಹುಡುಗಿ, ಇಬ್ಬರೂ ಸಮ. ಪ್ರಶ್ನೆ ಕೇಳುತ್ತಿದ್ದ ಮನುಷ್ಯ ಕೊನೆಯ ಚೀಟಿ ತೆಗೆದು ತಮಿಳಿನಲ್ಲಿ ಓದಿದ. ಹೋದ ವರ್ಷ ನಮ್ಮ ಸ್ಟೇಟ್ ಅವಾರ್ಡು, ಅತ್ಯುತ್ತಮ ನಟಿ ಯಾರು?

ಅವನು ಓದಿ ಮುಗಿಸುವ ಮೊದಲೇ ರೋಜಾ ಗಂಟೆ ಒತ್ತಿ ಹೆಸರು ಹೇಳಿದಳು. ನನಗೂ ಜೀವ ಬಂತು. ರವಿಕೆಗೆ ಕೊಕ್ಕೆ ಹಾಕುತ್ತಾ ನಾನೇ ರೇಡಿಯೊದಲ್ಲಿ ಕೇಳಿದ್ದ ಹೆಸರು ಅದು. ಗೆದ್ದಳಪ್ಪಾ ಎಂದುಕೊಂಡೆ.

ಆ ಮನುಷ್ಯ ನಕ್ಕ. "ಅದು ಬೆಂಗಳೂರು ಅವಾರ್ಡ್ ಮಾ! ನೀ ಎಂದ ಊರು?" ಎಂದ. ನೀನು ಯಾವ ಊರಿನವಳು ಎಂದು ಕೇಳಿದ್ದಕ್ಕೆ ಟಾಕೀಸಿಗೆ ಟಾಕೀಸೇ ನಕ್ಕಿತು. ಕನ್ನಡಕದ ಹುಡುಗಿ ತಮಿಳುನಾಡಿನ ಹೆಸರು ಹೇಳಿ ಸೀಟು ತೆಗೆದುಕೊಂಡಳು.

ರೇಷನ್ನು ಇಲ್ಲಿ, ಓಟು ಇಲ್ಲಿ, ಸತ್ತರೆ ಸುಡುವುದೂ ಇಲ್ಲೇ. ಆದರೆ ನಮ್ಮದು ಅಂದ ಕೂಡಲೇ ಬಾಯಿ ಮನೆಯ ಕಡೆಗೆ ಓಡುತ್ತದೆ, ಏನು ಮಾಡುವುದು? ಮನೆಯಲ್ಲಿ ಆ ರೇಡಿಯೊ ಹಾಕಿದವಳು ನಾನು.

ರೋಜಾ ಮೈಕನ್ನು ಕಿತ್ತುಕೊಂಡಳು. "ಎನಕ್ಕು ಅದುವುಂ ತೆರಿಯುಂ ಸಾರ್! ಇನ್ನೊಣ್ಣು ಕೇಳುಂಗ ಸಾರ್!" ಅದೂ ಗೊತ್ತು, ಇನ್ನೊಂದು ಕೇಳಿ ಎಂದು ಅಂಗಲಾಚಿದಳು. ಮೈಕ್ ಆರಿಸಿದರು. ನಾನು ಸ್ಟೇಜ್ ಹತ್ತಿ, "ಯಾವ ಸ್ಟೇಟು ಅಂತ ಬಾಯ್ಬಿಟ್ಟು ಕೇಳಾಕೆ ನಿಂಗೇನ್ ರೋಗಲಾ?" ಎಂದು ಕೂಗಾಡಿದೆ. ಕನ್ನಡದಲ್ಲಿ ಕೂಗಿದ್ದು ಅವನಿಗೆ ಅರ್ಥವೂ ಆಗಲಿಲ್ಲ. ಅವಳ ಕೈಗೆ ಒಂದು ಸ್ಟೀಲ್ ಟಿಫನ್ ಡಬ್ಬಿ ಕೊಟ್ಟು ಕಳಿಸಿದರು.

ವಾಪಸ್ ಬಸ್ಸಿನಲ್ಲಿ ಕಿಟಕಿಗೆ ಹಣೆ ಒತ್ತಿಕೊಂಡು ರೋಜಾ ಸಣ್ಣ ದನಿಯಲ್ಲಿ ಹೇಳುತ್ತಲೇ ಇದ್ದಳು. ತಮಿಳುನಾಡಿನ ಅತ್ಯುತ್ತಮ ನಟಿ, ನಟ, ಗಾಯಕಿ, ವರ್ಷದ ಮೇಲೆ ವರ್ಷ. ಎಲ್ಲ ಗೊತ್ತಿತ್ತು ಅವಳಿಗೆ. ನನಗೆ ಎದೆ ಬಡಿದುಕೊಂಡು ಅಳಬೇಕೆನಿಸಿತು.

ಮುಂದಿನ ಸೀಟಿನಿಂದ ಪಳನಿ ತಿರುಗಿದ. ಅವನ ಕಣ್ಣೂ ಒದ್ದೆಯಾಗಿತ್ತು.

"ಬುಡು ಪಾಪ, ಅಳಬ್ಯಾಡ. ನಮ್ಮನೇಲಿ ಟಿವಿ ಐತಲ್ಲ. ಇನ್ಮ್ಯಾಕೆ ಎಲ್ಲಾ ಅವಾರ್ಡೂ ನಾವಿಬ್ರೂ ಕುಂತ್ಕೊಂಡು ನೋಡಾನ."

ಅವಳು ಹುಟ್ಟಿದಾಗಿನಿಂದ ಅವನು ಕರೆಯುತ್ತಿದ್ದದ್ದೇ ಹಾಗೆ, ಪಾಪ ಎಂದು.

ರೋಜಾ ಹೇಳುವುದನ್ನು ನಿಲ್ಲಿಸಿದಳು. "ಸರಿ ಮಾಮಾ" ಎಂದಳು. ಬಸ್ಸು ತೊಪ್ಪೂರು ದಾಟುವಾಗ ನಾನು ಅವಳ ಬೆನ್ನು ಸವರಿ, "ಏನಾರ ತಿಂತೀಯೇನೇ ಕಂದ?" ಎಂದೆ.

"ಒಣ್ಣುಂ ವೇಂಡಾಂ, ಪೆರಿಯಮ್ಮಾ."

ಏನೂ ಬೇಡವಂತೆ. ಅಲ್ಲಿಯವರೆಗೆ ಅವಳು ನನ್ನನ್ನು ಒಂದು ದಿನವೂ ತಮಿಳಿನಲ್ಲಿ ಪೆರಿಯಮ್ಮ ಎಂದು ಕರೆದವಳಲ್ಲ. ಆಮೇಲೆ ದೊಡ್ಡಮ್ಮ ಎಂದು ಕರೆಯಲೇ ಇಲ್ಲ.