ಬಿಟ್ಟುಹೋದ ಎಂಟನೆಯ ಮನೆ

ನಾನು ಒಂದು ಹಾಡಿನ ಪುಸ್ತಕ. ಸರಿಯಾಗಿ ಹೇಳಬೇಕೆಂದರೆ ಕಾಲು ಹಾಡಿನ ಪುಸ್ತಕ. ಮುನ್ನೂರು ವರ್ಷಗಳ ಹಿಂದೆ ಇಟಲಿಯ ಯಾರೋ ಬರೋಕ್ ಸಂಗೀತಗಾರ ಕ್ರೈಸ್ತರ ಲ್ಯಾಟಿನ್ ಬಲಿಪೂಜೆಗೆ ನಾಲ್ಕು ದನಿಗಳ ಸಂಗೀತ ಕಟ್ಟಿದ್ದನಂತೆ. ಮಂಗಳೂರಿನ ಗುಡ್ಡದ ಮೇಲಿನ ಮಠದಲ್ಲಿ ಕೂತು ಬ್ರದರ್ ಆಂಜೆಲ್ ಅದನ್ನು ದನಿಗೊಂದರಂತೆ ನಾಲ್ಕು ಪುಸ್ತಕಗಳಲ್ಲಿ ನಕಲು ಮಾಡಿದರು. ನನ್ನ ಪಾಲಿಗೆ ಬಂದದ್ದು ಟೆನರ್, ಗಂಡಸರ ಮೇಲುದನಿ. ಉಳಿದ ಮೂವರು ಏನು ಹಾಡುತ್ತಾರೋ ನನ್ನಲ್ಲಿಲ್ಲ. ಅವರು ಹಾಡುವಾಗ ಎಷ್ಟು ಹೊತ್ತು ಸುಮ್ಮನಿರಬೇಕು ಎಂಬುದಷ್ಟೇ ಇದೆ.

ಬ್ರದರ್ ಅಕ್ಷರ ಕಣ್ಣಿಗೆ ಒತ್ತಿಕೊಳ್ಳುವ ಹಾಗಿತ್ತು. ಪೂಜೆಯ ಕೊನೆಯ ಹಾಡು 'ಆಗ್ನುಸ್ ದೇಯಿ'ಯಲ್ಲಿ ಟೆನರ್ ಎಂಟು ಮನೆ ಸುಮ್ಮನಿರಬೇಕು; ಗೀಟಿನಿಂದ ಗೀಟಿಗೆ ಒಂದು ಮನೆ. ಅಷ್ಟರಲ್ಲಿ ಊಟದ ಗಂಟೆಯಾಯಿತು. ಬ್ರದರ್ ಏಳು ಎಂದು ಬರೆದು ಎದ್ದರು. ಅವತ್ತು ಮೀನಿತ್ತು.

ಇಗರ್ಜಿಯಲ್ಲಿ ಹಾಡಿಸುತ್ತಿದ್ದ ಕಾಸ್ಮಿರ್ ಮೇಸ್ತ್ರಿ ಮೊದಲ ದಿನವೇ ಕಂಡುಹಿಡಿದರು. "ಪುಸ್ತಕ ಏಳು ಅಂತದೆ. ನೀವು ಎಂಟು ಎಣಿಸಿ."

"ತಿದ್ದಿಬಿಡುವ, ಮೇಸ್ತ್ರಿ," ಎಂದ ಟೆನರ್ ಹಾಡುವ ಲಾದ್ರು. ಇಪ್ಪತ್ತರ ಪ್ರಾಯ, ಒಳ್ಳೆಯ ಗಂಟಲು.

"ಮಾರಾಯ, ಬ್ರದರ್ ಪ್ರತಿ ಹಬ್ಬಕ್ಕೂ ಬಂದು ಪುಸ್ತಕ ತೆರೆದು ನೋಡುತ್ತಾರೆ. ಗೀಚಿದ್ದು ಕಂಡರೆ ಅವರಿಗೆ ಅನ್ನ ಸೇರಲಿಕ್ಕುಂಟಾ?"

ಹಾಗಾಗಿ ತಿದ್ದುಪಡಿ ಬಾಯಲ್ಲೇ ಉಳಿಯಿತು. ನನ್ನ ಹಾಳೆ ಸ್ವಚ್ಛವಾಗಿಯೇ ಉಳಿಯಿತು.

ಮುಂದೆ ಬಲಿಪೂಜೆ ಲ್ಯಾಟಿನ್ ಬಿಟ್ಟು ಕೊಂಕಣಿಗೆ ಬಂತು; ನಮ್ಮ ಹಾಡು ನಿಂತಿತು. ಬ್ರದರ್ ಹೋದರು, ಮೇಸ್ತ್ರಿ ಹೋದರು. ನಾವು ನಾಲ್ಕೂ ಪುಸ್ತಕಗಳು ಲಾದ್ರುವಿನ ಟ್ರಂಕಿನಲ್ಲಿ ನಲವತ್ತು ವರ್ಷ ನುಸಿಗುಳಿಗೆಯ ವಾಸನೆ ಕುಡಿದೆವು. ಎಂಬತ್ತು ದಾಟಿದ ಮೇಲೆ ಲಾದ್ರು ಮಗಳು ಸೆವ್ರಿನ್‌ಗೆ ಹೇಳಿದರು: "ಸಾಯುವ ಮೊದಲು ಆ ನಾಲ್ಕು ದನಿಯ ಹಾಡನ್ನೊಮ್ಮೆ ಸರಿಯಾಗಿ ಕೇಳಬೇಕು, ಮಗಳೇ." ಎಂಟರ ವಿಷಯ ಹೇಳುವ ಮೊದಲೇ ಪಾರ್ಶ್ವವಾಯು ಬಡಿದು ಬಲಗೈಯೂ ಮಾತೂ ಹೋದವು.

ಸೆವ್ರಿನ್ ಹಟದವಳು. ಏಳು ಜನರನ್ನು ಒಟ್ಟುಮಾಡಿ, ತಾನು ಎಂಟನೆಯವಳಾಗಿ ಸೇರಿ, ಅಪ್ಪನ ಮಂಚದ ಪಕ್ಕದಲ್ಲೇ ಅಭ್ಯಾಸ ಇಟ್ಟಳು. 'ಆಗ್ನುಸ್ ದೇಯಿ' ಬಂತು. ಟೆನರ್‌ನವರು ನನ್ನನ್ನು ನಂಬಿ ಏಳು ಎಣಿಸಿ ನುಗ್ಗಿದರು. ದನಿಗಳು ಒಂದರ ಕಾಲನ್ನೊಂದು ತುಳಿದವು.

"ಏನೋ ತಪ್ಪಿದೆ," ಎಂದ ಟೆನರ್‌ನ ಐವನ್.

"ಬ್ರದರ್ ಆಂಜೆಲರ ಅಕ್ಷರ ನೋಡು," ಎಂದಳು ಸೆವ್ರಿನ್. " ಇದರಲ್ಲಿ ತಪ್ಪುಂಟಾ? ನಮ್ಮ ಕಿವಿ ಒಗ್ಗಬೇಕು. ನೀವು ಬೇಗ ಮುಗಿಸಿದರೆ ಕೊನೆಯ ಸ್ವರ ಎಳೆಯಿರಿ, ಸರಿಹೋಗ್ತದೆ."

ಮಂಚದಲ್ಲಿ ಲಾದ್ರು ಎಡಗೈ ಎತ್ತಿದರು. ಐದು ಬೆರಳು ತೋರಿಸಿದರು, ಆಮೇಲೆ ಮೂರು. ಮತ್ತೆ ಐದು, ಮತ್ತೆ ಮೂರು. ಜೀವಮಾನವಿಡೀ ಅಷ್ಟು ಸ್ಪಷ್ಟವಾಗಿ ಅವರು ಏನನ್ನೂ ಹೇಳಿರಲಿಕ್ಕಿಲ್ಲ.

ಸೆವ್ರಿನ್‌ಗೆ ಕಣ್ಣು ತುಂಬಿತು. "ನೋಡಿ, ಪಪ್ಪಾ ನಮ್ಮನ್ನು ಎಣಿಸ್ತಾ ಇದ್ದಾರೆ. ಎಂಟು ಜನ ಅಲ್ವಾ? ಚಹಾಕ್ಕೆ ಇಟ್ಟಾಗಿದೆ, ಪಪ್ಪಾ." ಎಂಟು ಗ್ಲಾಸು ಬಂತು. ಲಾದ್ರು ಕೈ ಇಳಿಸಿ ನನ್ನನ್ನೇ ನೋಡಿದರು. ನಾನೇನು ಮಾಡಲಿ? ಶಾಯಿ ಒಣಗಿದ ಮೇಲೆ ನಮ್ಮಂಥವರಿಗೆ ಹೊಸ ಮಾತು ಹುಟ್ಟುವುದಿಲ್ಲ.

ಲಾದ್ರು ತೀರಿಕೊಂಡ ಮೇಲೆ ಅವರನ್ನು ಮಣ್ಣು ಮಾಡಿದ ದಿನ ಅದನ್ನೇ ಹಾಡಿದರು. ಟೆನರ್ ಒಂದು ಮನೆ ಮೊದಲೇ ನುಗ್ಗಿತು. "ಎಷ್ಟು ಗಂಭೀರ!" ಎಂದರು ಬಂದವರು. ಸೆವ್ರಿನ್ ನಮ್ಮನ್ನು ಜೆರಾಕ್ಸ್ ಮಾಡಿಸಿ ಊರೂರಿಗೆ ಹಂಚಿದಳು.

ಈಗ ಇಗರ್ಜಿಯ ಗಾಜಿನ ಕಪಾಟಿನಲ್ಲಿ ಅದೇ ಪುಟ ತೆರೆದು ಮಲಗಿದ್ದೇನೆ. ಬಂದವರೆಲ್ಲ ಅಕ್ಷರ ಹೊಗಳಿ ಹೋಗುತ್ತಾರೆ. ಎಂಟು ಎಣಿಸುವವರು ಯಾರೂ ಉಳಿದಿಲ್ಲ. ನಾನು ಏಳು ಅನ್ನುತ್ತಲೇ ಇದ್ದೇನೆ; ನನಗೆ ಬೇರೆ ಬರುವುದಿಲ್ಲ.